ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ಜನವರಿಯ ಒಂದು ಗುರುವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಅರಸೀಕೆರೆ ಬಸ್ ನಿಲ್ದಾಣದಿಂದ ಬೇಲೂರಿಗೆ ಹೊರಟೆ. ಹೆಗಲಿಗೆ ಒಂದು ಬ್ಯಾಗು. ಅದರಲ್ಲಿ ಮೂರು ಜೊತೆ ಬಟ್ಟೆ, ಒಂದು ಸ್ವೆಟರು, ಬಿ.ಪಿ. ಮಾತ್ರೆ, ಟವೆಲ್ಲು. ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಗಾರ್ಡ್ ಆಗಿದ್ದ ನನಗೆ ಬಸ್ಸೆಂದರೆ ಇಂದಿಗೂ ಕೊಂಚ ಅಪನಂಬಿಕೆ. ಹಳಿ ಇಲ್ಲದ ಮೇಲೆ ಗಾಡಿ ಎತ್ತ ಬೇಕಾದರೂ ಹೋಗಬಹುದಲ್ಲ! ಅಂಥವನು ಅರವತ್ತೆರಡನೆಯ ವಯಸ್ಸಿನಲ್ಲಿ ಹೊರಟಿದ್ದು ಹಳಿಯೂ ಇಲ್ಲದ, ರಸ್ತೆಯೂ ಇಲ್ಲದ ನೀರಿನ ಮೇಲೆ ದೋಣಿ ನಡೆಸುವ ನಿಯಮ ಕಲಿಯಲು.

ಇದಕ್ಕೆ ಕಾರಣ ನನ್ನ ಭಾಮೈದ ಚಂದ್ರಪ್ಪ. ನನ್ನ ಹೆಂಡತಿ ಮಂಗಳ ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ ಅವಳ ತವರಿಗೆ ನಾನು ಕಾಲಿಟ್ಟಿರಲಿಲ್ಲ. ಚಂದ್ರಪ್ಪ ಪ್ರತಿ ಹಬ್ಬಕ್ಕೂ ಫೋನು ಮಾಡುತ್ತಿದ್ದ, ನಾನು ಪ್ರತಿ ಹಬ್ಬಕ್ಕೂ ಒಂದು ನೆಪ ಹೇಳುತ್ತಿದ್ದೆ. ಅವಳಿಲ್ಲದ ಆ ಮನೆಯ ಜಗಲಿಯಲ್ಲಿ ಹೇಗೆ ಕೂರುವುದು ಎಂಬುದು ನನಗೆ ತಿಳಿಯದಾಗಿತ್ತು. ಈ ಸಲ ಅವನು ಹಬ್ಬದ ಮಾತೆತ್ತಲಿಲ್ಲ.

"ಭಾವ, ಯಗಚಿ ಡ್ಯಾಮಿನ ಹತ್ರ ದೋಣಿ ನಡೆಸೋ ಟ್ರೈನಿಂಗು ಐತೆ. ನಾಕು ದಿನ. ಇಬ್ಬಿಬ್ಬರು ಜೊತೆಯಾಗಿ ಬರಬೇಕಂತೆ. ನಮ್ಮೂರಲ್ಲಿ ಯಾರನ್ನ ಕೇಳಿದ್ರೂ ಪುರಸತ್ತಿಲ್ಲ ಅಂತಾರೆ. ನೀವು ಬಂದ್ರೆ ನಂದೂ ಆಗ್ತದೆ."

ಅವನ ಊರು ಯಗಚಿ ಹಿನ್ನೀರಿನ ಆಚೆ ದಡದಲ್ಲಿದೆ. ರಸ್ತೆಯಲ್ಲಿ ಬಳಸಿ ಬಂದರೆ ಈಚೆ ದಡದ ಶಾಲೆಗೆ ಹನ್ನೆರಡು ಕಿಲೋಮೀಟರು. ನೀರಿನ ಮೇಲಾದರೆ ಅರ್ಧ ಗಂಟೆಯೂ ಬೇಡ. ಊರಿನ ಒಂಬತ್ತು ಮಕ್ಕಳನ್ನು ಚಂದ್ರಪ್ಪ ಹದಿನೈದು ವರ್ಷದಿಂದ ಹರಿಗೋಲಿನಲ್ಲಿ ದಾಟಿಸುತ್ತಿದ್ದ. ಹಳಬರು ದೊಡ್ಡವರಾದಂತೆ ಹೊಸ ಮಕ್ಕಳು ಬರುತ್ತಿದ್ದರು. ಲೆಕ್ಕ ಮಾತ್ರ ಎಂಟು, ಒಂಬತ್ತರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಈಗ ಪಂಚಾಯ್ತಿಯವರು ಎಂಜಿನ್ ದೋಣಿ ಕೊಡುತ್ತಾರಂತೆ. ಆದರೆ ನಡೆಸುವವನು ನಿಯಮ ಕಲಿತು ಪಾಸಾಗಿರಬೇಕು. ಇಲ್ಲವಾದರೆ ದೋಣಿ ಬೇರೆ ಊರಿಗೆ.

ಬಸ್ಸಿನಲ್ಲಿ ಎಪ್ಪತ್ತು ಚಿಲ್ಲರೆ ರೂಪಾಯಿ ಟಿಕೇಟು. ಜಾವಗಲ್ಲಿನಲ್ಲಿ ಒಂದು ಚೀಲ ಅವರೆಕಾಯಿಯ ಸಮೇತ ಹತ್ತಿದ ಅಜ್ಜಿಯೊಬ್ಬರು ನನ್ನ ಪಕ್ಕ ಕೂತರು. ಚೀಲವನ್ನು ನನ್ನ ಕಾಲಿನ ಮೇಲೇ ಇಳಿಸಿ, "ಯಾವ ಕಡೆ ಹೊರಟ್ರಿ ಬುದ್ಧಿ?" ಎಂದು ಕೇಳಿದರು.

"ಬೇಲೂರಿಗಮ್ಮ. ದೋಣಿ ನಡೆಸೋದು ಕಲಿಯೋಕೆ."

ಅಜ್ಜಿ ನನ್ನ ನೆರೆತ ತಲೆಯನ್ನು ಚೆನ್ನಾಗಿ ನೋಡಿದರು. "ಈಜು ಬತ್ತದಾ?"

"ಇಲ್ಲ."

"ಹಂಗಾದ್ರೆ ದಡದಲ್ಲೇ ಕಲೀರಿ" ಎಂದು ಹೇಳಿ ಹಳೇಬೀಡಿನಲ್ಲಿ ಇಳಿದುಹೋದರು.

ಬೇಲೂರು ತಲುಪಿದಾಗ ಒಂಬತ್ತಾಗಿತ್ತು. ಚಂದ್ರಪ್ಪ ನಿಲ್ದಾಣದ ಹೊರಗೆ ಕಾದಿದ್ದ. ಐವತ್ತು ವರ್ಷ, ತೆಳ್ಳನೆಯ ಆಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ. ಆ ನೋಟ ಅವನ ಅಕ್ಕ ಮಂಗಳಳದೇ. ನಾನು ಒಂದು ಗಳಿಗೆ ಬೇರೆ ಕಡೆ ನೋಡಿದೆ. ಅವನು ನನ್ನ ಬ್ಯಾಗು ಕಿತ್ತುಕೊಂಡು, "ತಿಂಡಿ ತಿನ್ನಣ ಬನ್ನಿ, ಹತ್ತಕ್ಕೆ ಕ್ಲಾಸು" ಎಂದ. ಸೆಟ್ ದೋಸೆ ತಿಂದು, ಕಾಫಿ ಕುಡಿದು, ಆಟೋದಲ್ಲಿ ಹಿನ್ನೀರಿನ ದಡಕ್ಕೆ ಹೋದೆವು.

ತಗಡಿನ ಸೂರಿನ ಒಂದು ಕೊಠಡಿ, ಅದರ ಮುಂದೆ ಹೊಂಗೆ ಮರ, ಆಮೇಲೆ ನೀರು. ಕಲಿಯಲು ಬಂದಿದ್ದವರು ಹತ್ತು ಜನ. ಕಲಿಸುವವರು ಹೊನ್ನಾವರ ಕಡೆಯ ಶೈಲಾ ಎಂಬ ಹೆಣ್ಣುಮಗಳು. ಮೂವತ್ತೈದು ವರ್ಷವಿರಬಹುದು. ಮಾತು ಮೆತ್ತಗೆ, ಆದರೆ ಲೈಫ್ ಜಾಕೆಟ್ಟಿನ ಒಂದು ಪಟ್ಟಿ ಸಡಿಲವಿದ್ದರೂ ದೋಣಿ ಮುಟ್ಟಗೊಡುವವರಲ್ಲ.

"ನೀರಿನ ಮೇಲೆ ಬ್ರೇಕ್ ಇಲ್ಲ" ಎಂದು ಅವರು ಶುರು ಮಾಡಿದರು. "ಅದಕ್ಕೇ ನಿಯಮ. ನಿಮ್ಮ ಎದುರಿನವ ಏನು ಮಾಡ್ತಾನೆ ಅಂತ ನಿಮಗೆ ಮೊದಲೇ ಗೊತ್ತಿರಬೇಕು, ನೀವು ಏನು ಮಾಡ್ತೀರಿ ಅಂತ ಅವನಿಗೂ ಗೊತ್ತಿರಬೇಕು."

ಇದು ನನಗೆ ತಕ್ಷಣ ಹಿಡಿಸಿತು. ರೈಲ್ವೆಯಲ್ಲಿ ನಮ್ಮ ಇಡೀ ಬದುಕು ನಡೆದಿದ್ದೇ ಈ ಮಾತಿನ ಮೇಲೆ. ಎದುರೆದುರು ಬಂದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ಹಿಂದಿನಿಂದ ಬಂದು ಮುಂದೆ ಹೋಗುವವನು ಮುಂದಿನವನಿಗೆ ತೊಂದರೆ ಕೊಡಕೂಡದು. ಒಂದು ಸಣ್ಣ ಹಾರನ್ ಎಂದರೆ ಬಲಕ್ಕೆ ತಿರುಗುತ್ತಿದ್ದೇನೆ, ಎರಡೆಂದರೆ ಎಡಕ್ಕೆ, ಮೂರೆಂದರೆ ಹಿಂದಕ್ಕೆ, ಐದೆಂದರೆ ಅಪಾಯ. ದೋಣಿಯ ಎಡಮೈಗೆ ಕೆಂಪು ದೀಪ, ಬಲಮೈಗೆ ಹಸಿರು ದೀಪ, ಹಿಂದೆ ಬಿಳಿ. ನಮ್ಮ ಬಲಗಡೆಯಿಂದ ಅಡ್ಡ ಬರುವ ದೋಣಿಯ ಎಡಮೈ ನಮ್ಮತ್ತ ಇರುತ್ತದೆ, ಅಂದರೆ ಅದರ ಕೆಂಪು ದೀಪ ಕಾಣುತ್ತದೆ. ಆಗ ನಾವೇ ದಾರಿ ಬಿಡಬೇಕು. ಎಡಗಡೆಯಿಂದ ಬರುವ ದೋಣಿಯ ಹಸಿರು ಕಾಣುತ್ತದೆ. ಆಗ ನಾವು ನಮ್ಮ ದಾರಿಯಲ್ಲಿ ಹೋಗಬಹುದು. ಕೆಂಪಿಗೆ ನಿಲ್ಲು, ಹಸಿರಿಗೆ ನಡೆ. ಹಳಿಯಿರಲಿ, ನೀರಿರಲಿ, ಮನುಷ್ಯ ಹೆದರುವುದು ಒಂದೇ ಬಣ್ಣಕ್ಕೆ ಎಂದು ನನಗೆ ಖುಷಿಯಾಯಿತು.

ಚಂದ್ರಪ್ಪ ನನಗಿಂತ ಚುರುಕಾಗಿದ್ದ. ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಕೊಟ್ಟ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ತುಟಿ ಆಡಿಸುತ್ತ, ಒಂದೊಂದು ನಿಯಮವನ್ನೂ ಬಾಯಿಪಾಠ ಮಾಡುತ್ತಿದ್ದ. ಶೈಲಾ ಅವರು ಒಂದು ಬ್ಯಾಟರಿ ದೀಪ ಹಿಡಿದು, "ಇದು ಕಂಡರೆ ಏನು ಮಾಡ್ತೀರಿ?" ಎಂದು ಕೇಳಿದಾಗ ಅವನು, "ಮೇಡಂ, ಆ ದೋಣಿ ಮುಖ ಯಾವ ಕಡೆಗೈತೆ?" ಎಂದು ಮರುಪ್ರಶ್ನೆ ಹಾಕಿದ.

ಅವರು ಮೆಚ್ಚಿಕೊಂಡರು. "ನೋಡಿ, ಎಲ್ಲರೂ ಹೀಗೆ ಯೋಚನೆ ಮಾಡಬೇಕು" ಎಂದರು. ನನಗೂ ಭಾಮೈದನ ಬಗ್ಗೆ ಹೆಮ್ಮೆಯಾಯಿತು.

ಸಂಜೆ ಹರಿಗೋಲಿನಲ್ಲಿ ಊರಿಗೆ ಹೋದೆವು. ಬುಟ್ಟಿಯಂಥ ಆ ದುಂಡನೆಯ ದೋಣಿಯಲ್ಲಿ ಕೂತು ನಾನು ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಚಂದ್ರಪ್ಪನ ಹೆಂಡತಿ ಜಯಮ್ಮ ರಾಗಿಮುದ್ದೆ, ಹಿತಕಿದ ಅವರೆಬೇಳೆ ಸಾರು ಮಾಡಿದ್ದಳು. ಅವಳು ನನ್ನನ್ನು ಜಗಲಿಯ ಮೇಲೆ ಕೂರಿಸಲಿಲ್ಲ. ನೇರ ಅಡುಗೆಮನೆಗೇ ಕರೆದು, ಒಲೆಯ ಪಕ್ಕ ಮಣೆ ಹಾಕಿ ಬಡಿಸಿದಳು. "ಹೊರಗೆ ಚಳಿ ಅಣ್ಣ" ಎಂದಳು. ಚಳಿಗಾಗಿ ಮಾತ್ರ ಹಾಗೆ ಮಾಡಿದಳೆಂದು ನನಗನ್ನಿಸಲಿಲ್ಲ. ಎರಡನೆಯ ಮುದ್ದೆಯನ್ನೂ ತಿಂದೆ.

ಶುಕ್ರವಾರ ಬೆಳಿಗ್ಗೆ ನೀರಿಗಿಳಿದೆವು. ಎಂಜಿನ್ ದೋಣಿಯ ಹಿಂದೆ ಕೂತು ಹಿಡಿ ಹಿಡಿದರೆ ಎಲ್ಲವೂ ತಿರುವುಮುರುವು: ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ನಾನು ಎರಡು ಸಲ ದಡದ ಕೆಸರಿಗೆ ನುಗ್ಗಿಸಿದೆ. ಚಂದ್ರಪ್ಪ ಐದೇ ನಿಮಿಷದಲ್ಲಿ ಅದನ್ನು ಪಳಗಿಸಿಕೊಂಡ. ನಡೆಸುವವನ ಮಣಿಕಟ್ಟಿಗೆ ಒಂದು ಹಗ್ಗ ಕಟ್ಟಿರುತ್ತಾರೆ. ಅವನು ನೀರಿಗೆ ಬಿದ್ದರೆ ಹಗ್ಗ ಕಿತ್ತು ಎಂಜಿನ್ ತಾನೇ ನಿಲ್ಲುತ್ತದೆ. ಚಂದ್ರಪ್ಪ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. "ಮಕ್ಕಳಿರೋ ದೋಣಿಗೆ ಇದು ಒಳ್ಳೇದು ಭಾವ" ಎಂದ.

ಹನ್ನೊಂದೂವರೆಗೆ ಯಾವುದೋ ಹರಿದ ಹಳೆಯ ಬಲೆ ಎಂಜಿನ್ನಿನ ಫ್ಯಾನಿಗೆ ಸುತ್ತಿಕೊಂಡಿತು. ಬಿಡಿಸಿ ಸರಿಮಾಡಲು ಇಡೀ ಮಧ್ಯಾಹ್ನ ಬೇಕೆಂದರು. ಹೊರಡುವ ಮೊದಲು ಶೈಲಾ ಅವರು ಭಾನುವಾರದ ಪರೀಕ್ಷೆಯ ವಿಷಯ ಹೇಳಿದರು. ಮೊದಲು ಬರವಣಿಗೆ, ಆಮೇಲೆ ಕೊಠಡಿಯ ಕಿಟಕಿ ಮುಚ್ಚಿ ಗೋಡೆಯ ಹತ್ತಿರ ಒಂದೊಂದೇ ದೀಪ ತೋರಿಸುತ್ತಾರೆ, ಬಣ್ಣ ಹೇಳಬೇಕು. ಕೊನೆಗೆ ನೀರಿನ ಮೇಲೆ. ಚಂದ್ರಪ್ಪ ಅದನ್ನು ಪುಸ್ತಕದ ಮೂಲೆಯಲ್ಲಿ ಬರೆದುಕೊಂಡ. ಆಮೇಲೆ 'ದೀಪ' ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದ.

ಅರ್ಧ ದಿನ ಕೈಯಲ್ಲಿದೆ, ಹಳೇಬೀಡಿಗೆ ಹೋಗಿಬರೋಣ ಎಂದು ನಾನೇ ಹೊರಡಿಸಿದೆ. ಹದಿನಾರು ಕಿಲೋಮೀಟರು, ಅರ್ಧ ಗಂಟೆ. ಗುಡಿಗೆ ಹೋಗುವ ಮೊದಲು ಕೆರೆ ಏರಿಯ ಮೇಲೆ ಕೂತೆವು. ದ್ವಾರಸಮುದ್ರದ ಕೆರೆಯಲ್ಲಿ ನೀರು ತುಂಬಿತ್ತು, ಗಾಳಿ ತಣ್ಣಗಿತ್ತು. ಬರುವ ದಾರಿಯಲ್ಲಿ ಒಂದು ಸೌತೆಕಾಯಿ ಕೊಂಡು ಉದ್ದಕ್ಕೆ ಎರಡು ಹೋಳು ಮಾಡಿಸಿಕೊಂಡಿದ್ದೆ. ಗೂಡಂಗಡಿಯಲ್ಲಿ ಕೆಂಪು, ಹಸಿರು ಪೆಪ್ಪರ್‌ಮೆಂಟೂ ಸಿಕ್ಕಿತ್ತು. ಎರಡು ಹೋಳು ಎರಡು ದೋಣಿ. ಎಡಕ್ಕೆ ಕೆಂಪು ಪೆಪ್ಪರ್‌ಮೆಂಟು, ಬಲಕ್ಕೆ ಹಸಿರು. ಏರಿಯ ಕಲ್ಲಿನ ಮೇಲೆ ಭಾಮೈದನಿಗೆ ಪಾಠ ಶುರು ಮಾಡಿದೆ.

"ಈಗ ಇದು ನಿನ್ನ ಬಲಗಡೆಯಿಂದ ಬಂತು. ಯಾವ ದೀಪ?"

"ಕೆಂಪು. ನಾನು ದಾರಿ ಬಿಡಬೇಕು."

"ಎಡಗಡೆಯಿಂದ ಬಂದ್ರೆ?"

"ಹಸಿರು. ನಾನು ಹೋಗಬೌದು. ಆದ್ರೂ ಒಂದು ಕಣ್ಣು ಅವನ ಮ್ಯಾಲಿರಬೇಕು."

ಎಲ್ಲ ಸರಿಯಾಗಿತ್ತು. ತಮಾಷೆಗೆಂದು ಅವನು ಕೆರೆಯತ್ತ ನೋಡುತ್ತಿದ್ದಾಗ ಪೆಪ್ಪರ್‌ಮೆಂಟುಗಳನ್ನು ಅದಲುಬದಲು ಮಾಡಿದೆ. ಮತ್ತೆ ಕೇಳಿದೆ. ಅವನು ಮತ್ತೆ ಅದೇ ಉತ್ತರ ಕೊಟ್ಟ.

"ಸರಿಯಾಗಿ ನೋಡಿ ಹೇಳೋ."

ಅವನು ನೋಡಿದ. ನಾನು ಒಂದು ಪೆಪ್ಪರ್‌ಮೆಂಟನ್ನು ಎತ್ತಿ ಅಂಗೈ ಮೇಲೆ ಇಟ್ಟು ಹಿಡಿದೆ. "ಇದು ಯಾವ ಬಣ್ಣ?"

ಅವನು ಅದನ್ನು ನೋಡಿದ, ನನ್ನ ಮುಖ ನೋಡಿದ, ಸಣ್ಣಗೆ ನಕ್ಕ. "ಯಾವ ಕಡೇದು ಭಾವ?"

ಆ ನಗುವನ್ನು ನಾನು ಬಲ್ಲೆ. ರೈಲ್ವೆಯಲ್ಲಿ ಕೆಲವು ವರ್ಷಕ್ಕೊಮ್ಮೆ ನಮಗೆ ಕಣ್ಣಿನ ಪರೀಕ್ಷೆ. ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೆರೆದು, ಒಳಗೆ ಯಾವ ಅಂಕಿ ಇದೆ ಎಂದು ಕೇಳುತ್ತಾರೆ. ಕೆಂಪು ಹಸಿರಿನ ಭೇದ ತಿಳಿಯದವರಿಗೆ ಅಂಕಿ ಕಾಣುವುದಿಲ್ಲ. ಹೊಸದಾಗಿ ಸೇರಲು ಬಂದ ಹುಡುಗರು ಆ ಪುಸ್ತಕದ ಮುಂದೆ ನಿಂತು ಹೀಗೇ ನಗುತ್ತಿದ್ದರು. ಆಮೇಲೆ ಆ ಕೊಠಡಿಯಿಂದ ತಲೆ ತಗ್ಗಿಸಿ ಹೊರಬರುತ್ತಿದ್ದರು.

"ಚಂದ್ರ, ಎಷ್ಟು ದಿನದಿಂದ ಹೀಗೆ?"

"ಹುಟ್ಟಿದಾಗಿಂದ ಇರಬೌದು" ಎಂದ. ಕೆರೆಯನ್ನೇ ನೋಡುತ್ತ ಹೇಳತೊಡಗಿದ. ಚಿಕ್ಕಂದಿನಲ್ಲಿ ಮೆಣಸಿನ ಗಿಡದಲ್ಲಿ ಹಣ್ಣು ಯಾವುದು, ಕಾಯಿ ಯಾವುದು ತಿಳಿಯುತ್ತಿರಲಿಲ್ಲವಂತೆ. ಹರೆಯದಲ್ಲಿ ಕಾಫಿ ತೋಟಕ್ಕೆ ಹಣ್ಣು ಕೀಳಲು ಹೋಗಿದ್ದ. ಮೂರನೆಯ ದಿನ ತೋಟದ ಲೆಕ್ಕ ಬರೆಯುವ ರೈಟರು ಅವನ ಚೀಲವನ್ನು ನೆಲಕ್ಕೆ ಸುರಿದು, ಅರ್ಧಕ್ಕರ್ಧ ಕಾಯಿ ಕಿತ್ತಿದ್ದೀಯ ಎಂದು ಎಲ್ಲರೆದುರು ಅಟ್ಟಿಬಿಟ್ಟರಂತೆ. ಅಂದಿನಿಂದ ಬಣ್ಣದ ಮಾತು ಬಂದಲ್ಲೆಲ್ಲ ಅವನು ಉಪಾಯದಿಂದ ತಪ್ಪಿಸಿಕೊಳ್ಳುತ್ತ ಬಂದಿದ್ದ.

"ಯಾರಿಗೂ ಗೊತ್ತಿಲ್ವಾ? ಜಯಮ್ಮನಿಗೆ?"

"ಇಲ್ಲ. ಅಕ್ಕಂಗೆ ಗೊತ್ತಿತ್ತು. ಅವಳೊಬ್ಬಳಿಗೇ." ಅವನ ದನಿ ಇಳಿಯಿತು. "ಇಸ್ಕೂಲಲ್ಲಿ ಬಣ್ಣದ ಕಡ್ಡಿ ಕೊಡಿಸಿದ್ದರಲ್ಲ, ಅಕ್ಕ ಬ್ಲೇಡಲ್ಲಿ ಗೀರು ಹಾಕಿಕೊಟ್ಟಿದ್ದಳು. ಕೆಂಪಿಗೆ ಒಂದು ಗೀರು, ಹಸಿರಿಗೆ ಎರಡು. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದೆ. ನಿಮಗೂ ಹೇಳಿರಲ್ಲ ಅವಳು."

ಹೇಳಿರಲಿಲ್ಲ. ಆದರೆ ನನಗೆ ನೆನಪಾದದ್ದು ಬೇರೊಂದು ಸಂಗತಿ. ಮದುವೆಯಾಗಿ ನಾಲ್ಕೈದು ವರ್ಷವಾಗಿದ್ದಾಗ ಚಂದ್ರಪ್ಪನನ್ನು ರೈಲ್ವೆ ಕೆಲಸಕ್ಕೆ ಹಾಕಿಸೋಣವೆಂದು ನಾನು ಅರ್ಜಿ ನಮೂನೆ ತಂದಿದ್ದೆ. ಮಂಗಳ ಅದನ್ನು ಹರಿದು ಒಲೆಗೆ ಹಾಕಿದಳು. "ನನ್ನ ತಮ್ಮ ರೈಲ್ವೆಗೆ ಬೇಡ" ಎಂದಳು. ಯಾಕೆ ಎಂದರೆ ಉತ್ತರವಿಲ್ಲ. ನಾನು ಸಿಟ್ಟಿನಿಂದ, "ನಾನು ಮಾಡೋ ಕೆಲಸ ನಿಮ್ಮ ಮನೆಯವರಿಗೆ ಕೀಳಾಯ್ತಾ?" ಎಂದು ಕೇಳಿದ್ದೆ. ಅವಳು ನನ್ನನ್ನು ನೋಡಿ, "ಹಂಗೇ ಅಂತ ಇಟ್ಕಳಿ" ಎಂದಿದ್ದಳು. ಒಂದು ವಾರ ಮಾತು ಬಿಟ್ಟಿದ್ದೆವು. ಆಮೇಲೆ ಸರಿಹೋದೆವು, ಸುಖವಾಗಿಯೇ ಬಾಳಿದೆವು. ಆದರೆ ಆ ಒಂದು ಮುಳ್ಳು ಒಳಗೆ ಮುರಿದುಕೊಂಡು ಉಳಿದಿತ್ತು. ಕೋಪ ಬಂದಾಗಲೆಲ್ಲ ನಾನು ಅದನ್ನು ಎತ್ತಿ ಆಡಿದ್ದೂ ಇದೆ. ಅವಳು ಸುಮ್ಮನಿರುತ್ತಿದ್ದಳು. ತಮ್ಮ ಆ ಚುಕ್ಕೆ ಪುಸ್ತಕದ ಮುಂದೆ ನಿಂತು ನಗಬಾರದೆಂದು ಅವಳು ಅಷ್ಟು ವರ್ಷ ನನ್ನ ಕಣ್ಣಿನಲ್ಲಿ ಕೆಟ್ಟವಳಾಗಿದ್ದಳು.

ಚಂದ್ರಪ್ಪನಿಗೆ ಇದನ್ನು ಹೇಳಿದೆ. ಅರ್ಜಿಯ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ. ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಎರಡು ದೋಣಿಗಳನ್ನೂ ಉಪ್ಪಿಲ್ಲದೆ ತಿಂದೆವು.

ಆಮೇಲೆ ಗುಡಿಗೆ ಹೋದೆವು. ಶಾಲೆಯ ಮಕ್ಕಳ ಸಾಲು ಆನೆಗಳ ಸಾಲಿನ ಪಕ್ಕದಲ್ಲೇ ಗಲಾಟೆ ಮಾಡುತ್ತ ಸಾಗಿತ್ತು. ಚಂದ್ರಪ್ಪ ಗೋಡೆಯ ಒಂದೊಂದು ವಿಗ್ರಹವನ್ನೂ ನಿಂತು ನೋಡಿದ. ಒಂದು ಬಳ್ಳಿಯ ಸುರುಳಿಯೊಳಗೆ ಅಡಗಿದ್ದ ಸಣ್ಣ ಹಕ್ಕಿಯನ್ನು ನನಗೆ ತೋರಿಸಿದ. ಎಷ್ಟೋ ಸಲ ಬಂದಿದ್ದರೂ ನಾನದನ್ನು ಕಂಡಿರಲಿಲ್ಲ.

"ಈ ಗುಡಿ ನಂಗೆ ಯಾಕಿಷ್ಟ ಗೊತ್ತಾ ಭಾವ? ಇಲ್ಲಿ ಎಲ್ಲಾರಿಗೂ ಒಂದೇ ಥರ ಕಾಣ್ತದೆ" ಎಂದ.

ಬೇಲೂರಿಗೆ ಮರಳುವ ಬಸ್ಸಿನಲ್ಲಿ ಅವನು ಕಿವಿಯ ಹತ್ತಿರ ಬಾಗಿ ಕೇಳಿದ. "ಪರೀಕ್ಷೆ ದಿನ ನನ್ನ ಹಿಂದೇನೇ ನಿಂತ್ಕಳಿ. ದೀಪ ಕೆಂಪಾದ್ರೆ ಒಂದ್ಸಲ ಕೆಮ್ಮಿ. ಹಸಿರಾದ್ರೆ ಸುಮ್ಕಿರಿ. ಅಷ್ಟೇ ಸಾಕು."

"ನೋಡೋಣ" ಎಂದೆ.

ಶನಿವಾರ ಇಡೀ ದಿನ ಆ 'ನೋಡೋಣ' ನನ್ನ ಗಂಟಲಲ್ಲಿತ್ತು. ಚಂದ್ರಪ್ಪ ನೀರಿನ ಮೇಲೆ ಅದ್ಭುತವಾಗಿ ನಡೆಸಿದ. ಗಾಳಿ ಎತ್ತಲಿಂದ ತಿರುಗುತ್ತದೆ ಎಂದು ಅವನಿಗೆ ಜೊಂಡಿನ ತಲೆ ನೋಡಿದರೆ ತಿಳಿಯುತ್ತದೆ. ಮುಳುಗಿದ ಮರದ ಬೊಡ್ಡೆ ಎಲ್ಲಿದೆಯೆಂದು ಅಲೆ ಒಡೆಯುವ ರೀತಿಯಲ್ಲೇ ಹೇಳುತ್ತಾನೆ. ಶೈಲಾ ಅವರು ಗುಂಪಿಗೆಲ್ಲ ಕೇಳುವಂತೆ, "ಇವರ ದೋಣಿಯಲ್ಲಿ ನನ್ನ ಮಗಳನ್ನ ಕೂರಿಸ್ತೇನೆ" ಎಂದರು. ಒಂದು ಕೆಮ್ಮಿನಿಂದ ಯಾರಿಗೇನು ನಷ್ಟ ಎಂದು ಮನಸ್ಸು ಹೇಳುತ್ತಿತ್ತು. ಶಾಲೆಯ ದೋಣಿ ಓಡುವುದು ಹಗಲಿನಲ್ಲಿ. ಹಗಲಿನಲ್ಲಿ ಯಾವ ದೀಪ? ಆದರೆ ದೋಣಿ ಊರಿನದಾದ ಮೇಲೆ ಕತ್ತಲಲ್ಲಿ ಹಾವು ಕಚ್ಚಿದವರನ್ನು ದಾಟಿಸಲೂ ಅವನನ್ನೇ ಕರೆಯುತ್ತಾರೆ. ಈಚೆ ದಡದಿಂದ ಇನ್ನೊಂದು ದೋಣಿ ಬರುತ್ತದೆ. ಆಗ ಯಾರು ಕೆಮ್ಮುತ್ತಾರೆ?

ಭಾನುವಾರ ಬೆಳಿಗ್ಗೆ ಹರಿಗೋಲಿನಲ್ಲಿ, ನೀರಿನ ನಡುವೆ, ಹೇಳಿದೆ. "ಚಂದ್ರ, ನಾನು ಕೆಮ್ಮಲ್ಲ ಕಣಯ್ಯ."

ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿದ. ಹರಿಗೋಲು ತನ್ನಷ್ಟಕ್ಕೆ ನಿಧಾನ ತಿರುಗತೊಡಗಿತು.

"ಅಕ್ಕ ಆಗಿದ್ರೆ ಕೆಮ್ಮೋಳು" ಎಂದ.

"ಹೂಂ. ಅವಳಾಗಿದ್ರೆ ಕೆಮ್ಮೋಳು."

"ಮತ್ತೆ?"

"ಮೂವತ್ತನಾಲ್ಕು ವರ್ಷ ನಾನು ಹಸಿರು ತೋರಿಸಿದ್ರೆ ಗಾಡಿ ಹೊರಟಿದೆ, ಕೆಂಪು ತೋರಿಸಿದ್ರೆ ನಿಂತಿದೆ. ಗಾಡೀಲಿ ಸಾವಿರ ಜನ ನಿದ್ದೆ ಮಾಡ್ತಿರೋರು. ನಿನ್ನ ದೋಣೀಲಿ ಒಂಬತ್ತು ಮಕ್ಕಳು. ನನ್ನ ಕೈಲಾಗಲ್ಲ."

ಅವನು ಮತ್ತೆ ಹುಟ್ಟು ಹಾಕತೊಡಗಿದ. ದಡ ಸೇರುವವರೆಗೂ ಹುಟ್ಟಿನ ಸದ್ದೊಂದೇ. ಇಳಿಯುವಾಗ ಎಂದಿನಂತೆ ನನಗೆ ಕೈ ಕೊಡಲಿಲ್ಲ. ನಾನು ಮೊಣಕಾಲವರೆಗೆ ನೆನೆದುಕೊಂಡು ಇಳಿದೆ. ಈ ಸಂಬಂಧ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಬರವಣಿಗೆಯ ಪರೀಕ್ಷೆಯಲ್ಲಿ ಚಂದ್ರಪ್ಪನಿಗೆ ಎಲ್ಲರಿಗಿಂತ ಹೆಚ್ಚು ಅಂಕ. ಆಮೇಲೆ ಕಿಟಕಿ ಮುಚ್ಚಿದರು. ಇಬ್ಬಿಬ್ಬರನ್ನೇ ಒಳಗೆ ಕರೆದರು. ನಾನು ತೋರಿಸಿದ ಐದೂ ದೀಪಗಳ ಬಣ್ಣ ಸರಿಯಾಗಿ ಹೇಳಿ ಪಕ್ಕಕ್ಕೆ ಸರಿದೆ. ಚಂದ್ರಪ್ಪ ಮುಂದೆ ಬಂದ. ಗೋಡೆಯ ಹತ್ತಿರ ಕೆಂಪು ದೀಪ ಹೊತ್ತಿತು. ನನಗೆ ನಿಜವಾಗಿಯೂ ಕೆಮ್ಮು ಬರುವಂತಿತ್ತು, ಕಷ್ಟಪಟ್ಟು ತಡೆದುಕೊಂಡೆ.

"ಹೇಳಿ ಚಂದ್ರಪ್ಪ" ಎಂದರು ಶೈಲಾ.

ಎರಡರಲ್ಲಿ ಒಂದು ಹೇಳಿದ್ದರೂ ಅರ್ಧ ಪಾಲು ಸರಿಯಾಗುವ ಸಂಭವವಿತ್ತು. ಅವನು ಹಾಗೆ ಮಾಡಲಿಲ್ಲ.

"ಮೇಡಂ, ದೀಪ ಹತ್ತಿರೋದು ಕಾಣ್ತಾ ಐತೆ. ಬಣ್ಣ ನಂಗೆ ತಿಳಿಯಲ್ಲ. ಕೆಂಪು, ಹಸಿರು ಎರಡೂ ಒಂದೇ ಥರ. ಮೊದಲಿಂದಲೂ ಹಂಗೇ."

ಶೈಲಾ ದೀಪ ಕೆಳಗಿಟ್ಟು ಹೋಗಿ ಕಿಟಕಿ ತೆರೆದರು. ಬೆಳಕಿಗೆ ನಾವು ಮೂವರೂ ಕಣ್ಣು ಮುಚ್ಚಿ ತೆರೆದೆವು.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕಳಿಸಿಬಿಡ್ತೀರಿ ಅಂತ."

ಅವರು ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ರಾತ್ರಿಯ ದೋಣಿ ನಿಮ್ಮ ಕೈಗೆ ಕೊಡಲಿಕ್ಕೆ ಆಗೋದಿಲ್ಲ. ಅದು ಖಂಡಿತ. ಹಗಲಿನದು ನಾನೊಬ್ಬಳೇ ಹೇಳುವ ಹಾಗಿಲ್ಲ, ಮೇಲೆ ಕೇಳಿ ನೋಡುವ. ಹೊರಗೆ ಕೂತಿರಿ."

ಹೊಂಗೆ ಮರದ ಕೆಳಗೆ ಒಂದೂವರೆ ಗಂಟೆ ಕೂತೆವು. ಜಯಮ್ಮ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ ನಮ್ಮಿಬ್ಬರ ನಡುವೆ ಇತ್ತು. ಯಾರೂ ಮುಟ್ಟಲಿಲ್ಲ. ಕೊನೆಗೆ ಅವನೇ ಮುಚ್ಚಳ ತೆಗೆದು ನನ್ನ ಕಡೆ ಸರಿಸಿದ. "ಮಾತ್ರೆ ತಗಳ ಹೊತ್ತಾಯ್ತು, ಉಣ್ಣಿ ಭಾವ" ಎಂದ. ನಾನು ಒಂದು ತುತ್ತು ತೆಗೆದು ಡಬ್ಬಿಯನ್ನು ಮತ್ತೆ ಅವನ ಕಡೆ ಸರಿಸಿದೆ.

ಮಧ್ಯಾಹ್ನ ಎರಡಕ್ಕೆ ಶೈಲಾ ಅವರು ಬಂದು, ಹಗಲಿನ ದೋಣಿಗೆ ಪರೀಕ್ಷೆ ಮಾಡಿ ನೋಡಲು ಮೇಲಿನವರು ಫೋನಿನಲ್ಲಿ ಒಪ್ಪಿದ್ದಾರೆಂದು ಹೇಳಿ, ಅವನನ್ನು ನೀರಿಗೆ ಕರೆದೊಯ್ದರು. ಉಳಿದವರಿಗೆ ಇಪ್ಪತ್ತು ನಿಮಿಷದ ಪರೀಕ್ಷೆ, ಅವನಿಗೆ ಒಂದು ಗಂಟೆಯ ಮೇಲೆ. ಎದುರಿಂದ, ಪಕ್ಕದಿಂದ, ಹಿಂದಿನಿಂದ ಬೇರೆ ದೋಣಿಗಳನ್ನು ಬಿಟ್ಟು, ಮನುಷ್ಯ ಬಿದ್ದಂತೆ ಖಾಲಿ ಕ್ಯಾನು ಎಸೆದು, ಹಾರನ್ ಕೊಟ್ಟು, ಕೊಡದೆ, ಎಲ್ಲ ಥರದಲ್ಲೂ ನೋಡಿದರು. ನಾನು ದಡದಲ್ಲಿ ನಿಂತೇ ಇದ್ದೆ. ದೋಣಿ ಮರಳಿದಾಗ ಶೈಲಾ ಅವರ ಮುಖದಲ್ಲೇ ಫಲಿತಾಂಶವಿತ್ತು. ಪ್ರಮಾಣಪತ್ರದಲ್ಲಿ ಅವನ ಹೆಸರಿನ ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆದಿದ್ದರು: ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ, ಮಂಜು ಕವಿದಾಗ ಇಲ್ಲ. ನನಗೂ ಒಂದು ಪತ್ರ ಸಿಕ್ಕಿತು, ಯಾವ ಷರತ್ತೂ ಇಲ್ಲದೆ. ನನ್ನ ಪರೀಕ್ಷೆಯಲ್ಲೂ ದೋಣಿಯನ್ನು ಮತ್ತೆ ಕೆಸರಿಗೆ ನುಗ್ಗಿಸಿದ್ದು ಅವರಿಗೆ ಮರೆತಿರಬೇಕು.

ಹರಿಗೋಲು ಏರುವಾಗ ಚಂದ್ರಪ್ಪ ಕೈ ಕೊಟ್ಟ. "ಊರಲ್ಲೂ ಹೇಳಿಬಿಡ್ತೀನಿ ಭಾವ" ಎಂದ.

ಮೊದಲು ಜಯಮ್ಮನಿಗೆ ಹೇಳಿದ. ಅವಳು ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿದಳು. "ಅದಕ್ಕೇ ಏನು ಇಪ್ಪತ್ತೆರಡು ವರ್ಷ ಯಾವ ಸೀರೆ ತೋರಿಸಿದ್ರೂ ಚೆನ್ನಾಗೈತೆ, ಚೆನ್ನಾಗೈತೆ ಅಂದಿದ್ದು? ಪ್ರೀತಿಗೆ ಅಂದ್ಕಂಡಿದ್ದೆನಲ್ಲ ನಾನು!" ಎಂದು ನಗಲು ಶುರು ಮಾಡಿ, ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಪ್ರೀತಿಗೂ ಹೌದು" ಎಂದ ಚಂದ್ರಪ್ಪ.

ಸಂಜೆ ಹಾಲಿನ ಡೇರಿಯ ಮುಂದೆ ಎಲ್ಲರೂ ಹಾಲು ಹಾಕಲು ಸೇರಿದ್ದರು. ಅಲ್ಲಿ ಅವನು ಪತ್ರ ತೋರಿಸಿ, ಬಣ್ಣದ ವಿಷಯವನ್ನೂ ಹೇಳಿದ. ವಯಸ್ಸಾದ ಒಬ್ಬರು ಕ್ಯಾನು ಕೆಳಗಿಟ್ಟು, "ಕಣ್ಣು ಸರಿ ಕಾಣದೋನ ಕೈಗೆ ಮಕ್ಕಳ್ನ ಕೊಡಾದೆಂಗ್ಲಾ?" ಎಂದರು.

ಚಂದ್ರಪ್ಪ ಬಾಯಿ ತೆರೆಯುವ ಮೊದಲೇ ಜಯಮ್ಮ ನುಗ್ಗಿದಳು. "ಹದಿನೈದು ವರ್ಷ ಹರಿಗೋಲಲ್ಲಿ ದಾಟಿಸಿದ್ದೂ ಇದೇ ಕಣ್ಣಲ್ಲವಾ ಮಾವ? ನಿಮ್ಮ ಮೊಮ್ಮಕ್ಕಳ ಕಾಲಿಗೆ ನೀರು ಸೋಕಿಸಿದ್ರಾ? ಕತ್ತಲಾದ ಮ್ಯಾಲೆ ಇವರು ನಡೆಸಲ್ಲ, ಬರದೇ ಕೊಟ್ಟವರೆ. ರಾತ್ರಿಗೆ ಯಾರೂ ಇಲ್ಲ ಅಂದ್ರೆ ಮುಂದಿನ ಸಲ ಹೋಗಿ ನಾನೇ ಕಲೀತೀನಿ!"

ಆಮೇಲೆ ಹಾಲಿನ ಕ್ಯಾನು ಹಿಡಿದು ಹಿಂದೆ ನಿಂತಿದ್ದ ಒಬ್ಬ ತಾಯಿ, "ನನ್ನ ಮಗಳು ನಾಳೆ ಬತ್ತಾಳೆ ಕಣಣ್ಣ" ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಸೋಮವಾರ ನಾನು ಊರಿಗೆ ಮರಳುವ ದಿನ. ಪಂಚಾಯ್ತಿಯ ಹೊಸ ದೋಣಿ ಹಿಂದಿನ ವಾರವೇ ಬಂದು, ಪಾಸಾದವನಿಗಾಗಿ ಊರಿನ ದಡದಲ್ಲಿ ಕಾದಿತ್ತು. ಎಂಟು ಗಂಟೆಗೆ ಒಂಬತ್ತು ಮಕ್ಕಳೂ ಲೈಫ್ ಜಾಕೆಟ್ ತೊಟ್ಟು ಸಾಲಾಗಿ ನಿಂತರು. ಆದರೆ ನೀರಿನ ಮೇಲೆ ದಟ್ಟ ಮಂಜು. ಚಂದ್ರಪ್ಪ ಎಂಜಿನ್ ಮುಟ್ಟಲಿಲ್ಲ.

"ಹೊತ್ತಾಯ್ತದೆ, ಹೊರಡಣ್ಣ. ಕಣ್ಣು ಮುಚ್ಕಂಡು ಹೋಗೋ ದಾರಿ ನಿಂಗೆ" ಎಂದು ಯಾರೋ ಹೇಳಿದರು.

"ಆಚೆ ದಡ ಕಾಣಲಿ" ಎಂದ.

ಇಪ್ಪತ್ತೈದು ನಿಮಿಷ ಕಾದೆವು. ಆಚೆ ದಡದ ಹೊಂಗೆ ಮರ ಕಂಡ ಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹತ್ತಿಸಿದ, ಪ್ರತಿಯೊಬ್ಬರ ಪಟ್ಟಿಯನ್ನೂ ಎಳೆದು ನೋಡಿದ, ಕೊನೆಗೆ ನನ್ನದನ್ನೂ. ದೋಣಿ ಹೊರಟಿತು. ನಡು ನೀರಿನಲ್ಲಿ ಎರಡನೇ ಕ್ಲಾಸಿನ ಒಂದು ಪುಟ್ಟ ಹುಡುಗಿ ತಿರುಗಿ ಕೂತು, "ಚಂದ್ರಮಾಮ, ನನ್ನ ಟೋಪಿ ಯಾವ ಬಣ್ಣ ಹೇಳಿ?" ಎಂದು ಕೇಳಿದಳು. ಡೇರಿಯ ಮಾತು ಮಕ್ಕಳವರೆಗೂ ತಲುಪಿತ್ತು.

ಚಂದ್ರಪ್ಪ ನೀರಿನಿಂದ ಕಣ್ಣು ತೆಗೆಯದೆ, "ಗೊತ್ತಿಲ್ಲ ಕಣವ್ವ. ಯಾವುದು?" ಎಂದ.

"ಹಸಿರು!"

"ಸುಳ್ಳು ಮಾಮ, ಕೆಂಪು!" ಎಂದು ಇನ್ನೊಬ್ಬಳು ಕೂಗಿದಳು. ಎಲ್ಲ ಮಕ್ಕಳೂ ಕೇಕೆ ಹಾಕಿದರು.

"ಯಾವುದೋ ಒಂದು. ಬೆಚ್ಚಗೈತಾ?"

"ಹೂಂ."

"ಹಂಗಾದ್ರೆ ಸುಮ್ಕೆ ಮುಂದಕ್ಕೆ ನೋಡ್ಕಂಡು ಕೂತ್ಕ" ಎಂದು ತಾನೂ ನಕ್ಕ.

ದಡದಲ್ಲಿ ಮಕ್ಕಳು ಜಾಕೆಟ್ಟು ಕಳಚಿಟ್ಟು ಶಾಲೆಯ ಕಡೆ ಓಡಿದರು. ಚಂದ್ರಪ್ಪ ನನ್ನ ಬ್ಯಾಗು ಕೈಗಿಟ್ಟು, "ಯುಗಾದಿಗೆ ಬನ್ನಿ ಭಾವ" ಎಂದ. "ಬರ್ತೀನಿ" ಎಂದೆ. ನೆಪ ಹುಡುಕುವ ಯೋಚನೆ ಬರಲಿಲ್ಲ.

ಬೇಲೂರಿನ ಕಡೆ ನಡೆಯುತ್ತ ಒಮ್ಮೆ ಹಿಂತಿರುಗಿ ನೋಡಿದೆ. ಅವನು ಒಬ್ಬನೇ ಮರಳುತ್ತಿದ್ದ. ನೀರಿನ ನಡುವೆ ಬಲೆ ಎತ್ತುವವನೊಬ್ಬ ಹರಿಗೋಲಿನಲ್ಲಿ ಅಡ್ಡ ಬಂದ. ಎಂಜಿನ್ ಇರುವವನು ಇಲ್ಲದವನಿಗೆ ದಾರಿ ಬಿಡಬೇಕು. ಚಂದ್ರಪ್ಪ ವೇಗ ಇಳಿಸಿ ನಿಂತ. ಹರಿಗೋಲಿನವನಿಗೆ ಇದು ಹೊಸದು, "ಯಾಕ್ಲಾ ನಿಂತ್ಕಂಡೆ, ಎಂಜಿನ್ ಕೆಟ್ಟೋಯ್ತಾ?" ಎಂದು ಕೂಗಿದ. ಚಂದ್ರಪ್ಪ ಏನು ಹೇಳಿದನೋ ಕೇಳಿಸಲಿಲ್ಲ. ಇಬ್ಬರೂ ನಗುವುದು ಮಾತ್ರ ನೀರಿನ ಮೇಲೆ ದಡದವರೆಗೂ ಬಂತು.